ತೂಬು ಮುಚ್ಚಿದರೂ ಇಳಿಯುವ ನೀರು

ಕಳೆದ ಡಿಸೆಂಬರಿನ ಒಂದು ಶುಕ್ರವಾರ ಬೆಳಗಿನ ಜಾವ ಐದು ಗಂಟೆಗೆ ಕಣಕಟ್ಟೆಯ ನಮ್ಮ ಮನೆಯ ಮುಂದೆ ಕಾರಿನ ಕೀಲಿ ತಿರುಗಿಸಿದೆ. 'ಟಿಕ್' ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ 'ಟಿಕ್'. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಿಣುಕಿ ಮಂಕಾದವು. ಹಿಂದಿನ ಸೀಟಿನಲ್ಲಿ ಅಪ್ಪ ಕಂಬಳಿ ಹೊದ್ದು ಕೂತಿದ್ದರು. ಅವರಿಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಆಗಬೇಕು. ಆಸ್ಪತ್ರೆಯಲ್ಲಿ ಮೊದಲ ಪಾಳಿ ನಮ್ಮದು. ತಡವಾದರೆ ಯಂತ್ರ ಇನ್ನೊಬ್ಬರಿಗೆ ಹೋಗುತ್ತದೆ. ಅವರನ್ನೂ ದೂರುವಂತಿಲ್ಲ, ಕಾಯುವವರ ಸಾಲು ಉದ್ದವಿದೆ.

ಆ ದಿನ ನಾಲ್ಕು ಜನರನ್ನು ಎಬ್ಬಿಸಿ ಕಾರು ತಳ್ಳಿಸಿ ಹೊರಡುವ ಹೊತ್ತಿಗೆ ಆರೂವರೆ. ಯಂತ್ರ ಹೋಗಿತ್ತು. ಮರುದಿನ ಬನ್ನಿ ಎಂದರು. ಆ ಒಂದು ರಾತ್ರಿ ಅಪ್ಪ ಮಲಗಲಾಗದೆ ಗೋಡೆಗೆ ಒರಗಿ ಕೂತೇ ಉಸಿರಾಡಿದರು. ಕಾಲು ಎರಡೂ ಊದಿ ಮರದ ಕೊರಡಿನಂತಾಗಿದ್ದವು. ಕಾರಿನ ಬ್ಯಾಟರಿ ಇಳಿದದ್ದು ಸಣ್ಣ ವಿಷಯ ಎಂದು ಅಂದಿನಿಂದ ನನಗೆ ಅನ್ನಿಸಿಲ್ಲ.

ನಾನು ಇತಿಹಾಸದ ಮೇಷ್ಟ್ರು. ಶಾಸನ, ಕೆರೆ, ದಾನ, ದತ್ತಿ ಎಂದು ಮೂವತ್ತು ವರ್ಷ ಪಾಠ ಮಾಡಿದವನು. ಬಾನೆಟ್ಟಿನ ಕೆಳಗೆ ಏನಿದೆ ಎಂದು ನೋಡುವ ಅಭ್ಯಾಸವಿರಲಿಲ್ಲ. ಆದರೆ ಎರಡು ವರ್ಷದಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿ, ಒಬ್ಬ ಹುಡುಗನ ಮೇಲೆ ಅನ್ಯಾಯವಾಗಿ ಸಿಟ್ಟು ಮಾಡಿಕೊಂಡ ಮೇಲೆ, ಕರೆಂಟು ಎಲ್ಲಿ ಸೋರುತ್ತಿದೆ ಎಂದು ನಾನೇ ಹುಡುಕಬೇಕಾಗಿ ಬಂತು. ಹುಡುಕುತ್ತ ಹೋದಾಗ ಈ ಹುಡುಕಾಟಕ್ಕೂ ಒಂದು ಇತಿಹಾಸವಿದೆ ಎಂದು ತಿಳಿಯಿತು. ಈ ವಾರ ಅದನ್ನೇ ಬರೆಯುತ್ತಿದ್ದೇನೆ.

*

ಕಣಕಟ್ಟೆ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ತೆಂಗು, ರಾಗಿ, ಮಳೆಗಾಗಿ ಕಾಯುವುದು, ಇವು ನಮ್ಮ ಕಡೆಯ ಬದುಕು. ಊರಿನ ಹೆಸರಿನ ಬಾಲದಲ್ಲೇ ಕಟ್ಟೆ ಇದೆ. ತಾಲ್ಲೂಕಿನ ಹೆಸರಿನಲ್ಲಿ ಅರಸಿಯ ಕೆರೆ ಇದೆ. ಸ್ವಲ್ಪ ದೂರ ಹೋದರೆ ಹಳೇಬೀಡು. ಹೊಯ್ಸಳರು ಅದನ್ನು ಕರೆದದ್ದು ದೋರಸಮುದ್ರ ಎಂದು, ಅದೂ ಕೆರೆಯ ಹೆಸರೇ. ರಾಜಧಾನಿಗೇ ಕೆರೆಯ ಹೆಸರಿಟ್ಟ ಸೀಮೆ ಇದು. ಇಲ್ಲಿ ಕೂಡಿಟ್ಟ ನೀರು ಎಂದರೆ ಕೂಡಿಟ್ಟ ಬದುಕು.

ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟ ಪ್ರಕಟವಾದದ್ದು 1902ರಲ್ಲಿ. ಹಳೆಯ ಮೈಸೂರಿನ ಇಂಥ ಸಂಪುಟಗಳನ್ನು ತಿರುವಿ ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೆರೆ ಕಟ್ಟಿಸಿದವರ ಹೊಗಳಿಕೆಯ ಜೊತೆಗೇ, ಕಟ್ಟಿದ ಕೆರೆಯನ್ನು ಉಳಿಸಿಕೊಳ್ಳುವ ಲೆಕ್ಕವೂ ಕಲ್ಲಿನ ಮೇಲಿದೆ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಕೆಳಗಿನ ಗದ್ದೆಯ ಆದಾಯದಲ್ಲಿ ಅದರ ಪಾಲನೆಗೆಂದು ತೆಗೆದಿಟ್ಟ ಪಾಲು ಬಿತ್ತುವಟ್ಟ. ಹೂಳು ಹೊರುವ ಬಂಡಿಗೆ, ಬಂಡಿಯ ಎತ್ತಿಗೆ, ಬಂಡಿ ಹೊಡೆಯುವವನಿಗೆ ದತ್ತಿ. ಕಟ್ಟುವುದಕ್ಕಿಂತ ಕಾಯುವುದು ಕಷ್ಟ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ 1902ರ ಜೂನ್ ಕೊನೆಯಲ್ಲಿ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಕೆಲಸವಾಯಿತು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಮೂರು ವರ್ಷದ ಮೇಲೆ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿಯಿತು. ನೀರಿನ ಲೆಕ್ಕದ ಹಳೆಯ ಕಲ್ಲುಗಳನ್ನು ಅಚ್ಚು ಹಾಕಿದ ವರ್ಷದಲ್ಲೇ ಕರೆಂಟಿನ ಲೆಕ್ಕವೂ ನಮ್ಮ ನಾಡಿನಲ್ಲಿ ಶುರುವಾಯಿತು. ಇದು ಕಾಕತಾಳೀಯ. ಆದರೂ ತರಗತಿಯಲ್ಲಿ ಈ ಎರಡನ್ನೂ ಜೊತೆಗಿಟ್ಟು ಹೇಳುವುದು ನನಗೆ ಇಷ್ಟ. ಅಪ್ಪ ನೀರಗಂಟಿಗಳ ಮನೆತನದವರಾದ್ದರಿಂದ ಇರಬೇಕು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಗಾ ಇಡುವುದು ಅವರ ಕೆಲಸವಾಗಿತ್ತು. ಇಂದು ಅದೇ ಮನುಷ್ಯ ದಿನಕ್ಕೆ ಒಂದು ಲೀಟರಿನೊಳಗೆ ಲೋಟ ಎಣಿಸಿ ನೀರು ಕುಡಿಯುತ್ತಾರೆ.

*

ವಿದ್ಯುತ್ತನ್ನು ಕೂಡಿಡುವ ಕಥೆ ಶುರುವಾಗುವುದೇ ಒಂದು ತಪ್ಪು ರೋಗನಿರ್ಣಯದಿಂದ. ಇಟಲಿಯ ಬೊಲೋನ್ಯಾದಲ್ಲಿ ಲುಯಿಗಿ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹ ತಾಗಿಸಿದಾಗ ಕಾಲು ಝಾಡಿಸಿತು. ಕಪ್ಪೆಯ ಮೈಯೊಳಗೇ ವಿದ್ಯುತ್ತು ಇದೆ ಎಂದು 1791ರಲ್ಲಿ ಅವನು ಬರೆದ. ಪಾವಿಯಾದ ಅಲೆಸ್ಸಾಂಡ್ರೊ ವೋಲ್ಟಾ ಮೊದಲು ಒಪ್ಪಿದ, ಆಮೇಲೆ ಅನುಮಾನಪಟ್ಟ. ಎರಡು ಲೋಹ, ನಡುವೆ ಒದ್ದೆಯಾದ ಒಂದು ವಸ್ತು. ಇವುಗಳಲ್ಲಿ ಕಪ್ಪೆ ಬರೀ ಒದ್ದೆ ವಸ್ತುವಿನ ಪಾತ್ರ ಮಾಡುತ್ತಿದ್ದರೆ?

ಅದನ್ನು ತಿಳಿಯಲು ವೋಲ್ಟಾ ಮಾಡಿದ್ದು ಸರಳ ಕೆಲಸ. ಕಪ್ಪೆಯನ್ನು ತೆಗೆದ. ಅದರ ಜಾಗದಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟ. ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ನಡುವೆ ರಟ್ಟು ಎಂದು ಒಂದರ ಮೇಲೊಂದು ಪೇರಿಸಿದ. ಕರೆಂಟು ಬಂತು. 1800ರ ಮಾರ್ಚಿಯಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಬರೆದ ಪತ್ರವೇ ಬ್ಯಾಟರಿಯ ಜಾತಕ. ಗ್ಯಾಲ್ವಾನಿಯೂ ಪೂರ್ತಿ ತಪ್ಪಲ್ಲ. ನರಗಳಲ್ಲಿ, ಸ್ನಾಯುಗಳಲ್ಲಿ ವಿದ್ಯುತ್ತು ಇದ್ದೇ ಇದೆ ಎಂದು ಮುಂದೆ ಸಾಬೀತಾಯಿತು. ಆದರೆ ಇಬ್ಬರ ಜಗಳದಿಂದ ನಮಗೆ ದಕ್ಕಿದ ಪಾಠ ಬೇರೆ: ಯಾರು ಮಾಡಿದ್ದು ಎಂದು ಗೊತ್ತಾಗದಿದ್ದಾಗ ಒಬ್ಬೊಬ್ಬರನ್ನೇ ಹೊರಗೆ ಕಳಿಸಿ ನೋಡಬೇಕು.

ವೋಲ್ಟಾನ ಬ್ಯಾಟರಿಯನ್ನು ಮತ್ತೆ ತುಂಬಲು ಬರುತ್ತಿರಲಿಲ್ಲ. ತುಂಬಲು ಬರುವಂಥದ್ದನ್ನು 1859ರಲ್ಲಿ ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಇಳಿಬಿಟ್ಟ. 1881ರಲ್ಲಿ ಕಮಿಲ್ ಫೋರ್ ಸೀಸದ ಫಲಕಕ್ಕೆ ಸೀಸದ ಆಕ್ಸೈಡಿನ ಲೇಪ ಮೆತ್ತಿ ಅದನ್ನು ಕಾರ್ಖಾನೆಯಲ್ಲಿ ಬೇಗ ತಯಾರಿಸುವ ದಾರಿ ಕಂಡುಕೊಂಡ. ನಮ್ಮ ಕಾರುಗಳಲ್ಲಿ ಇವತ್ತಿಗೂ ಬಹುಪಾಲು ಇರುವುದು ಇದೇ ವಂಶದ ಬ್ಯಾಟರಿ. ಬೆಂಗಳೂರಿನಲ್ಲಿ ಹುಟ್ಟಿ 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಕೂಡ ಮೊದಲು ಓಡಿದ್ದು ಸೀಸ-ಆಮ್ಲದ ಬ್ಯಾಟರಿಯ ಮೇಲೆಯೇ.

ಆದರೆ ನಾನು ಈ ಬ್ಯಾಟರಿಯನ್ನು ಮೊದಲು ಕಂಡದ್ದು ಕಾರಿನಲ್ಲಲ್ಲ, ಅರಸೀಕೆರೆ ಜಂಕ್ಷನ್ನಿನಲ್ಲಿ. ಹುಡುಗನಾಗಿದ್ದಾಗ ರಾತ್ರಿ ರೈಲಿಗೆ ಕಾಯುತ್ತ, ಎಂಜಿನ್ ಬಿಚ್ಚಿಕೊಂಡು ಹೋದ ಮೇಲೂ ಡಬ್ಬಿಗಳಲ್ಲಿ ದೀಪ ಉರಿಯುವುದನ್ನು ನೋಡಿ ಬೆರಗಾಗಿದ್ದೆ. ಡಬ್ಬಿಯ ಕೆಳಗೆ ಗಾಲಿಯ ಅಚ್ಚಿನಿಂದ ಬೆಲ್ಟು ಹಾಕಿ ತಿರುಗುವ ಡೈನಮೋ ಇರುತ್ತದೆ, ಓಡುವಾಗ ಅದು ಬ್ಯಾಟರಿ ತುಂಬುತ್ತದೆ, ನಿಂತಾಗ ಬ್ಯಾಟರಿ ದೀಪ ಉರಿಸುತ್ತದೆ ಎಂದು ಒಬ್ಬ ರೈಲ್ವೆ ನೌಕರರು ಹೇಳಿದರು. ರೈಲು ಬಹಳ ಹೊತ್ತು ನಿಂತರೆ ದೀಪ ಕೆಂಪಗಾಗುತ್ತ ಬರುತ್ತಿತ್ತು.

*

ಕಾರಿಗೆ ಬ್ಯಾಟರಿ ಅನಿವಾರ್ಯವಾದದ್ದು ಅದಕ್ಕಿಂತ ತಡವಾಗಿ. ಮೊದಲ ಕಾರುಗಳನ್ನು ಮುಂದೆ ನಿಂತು ಹ್ಯಾಂಡಲ್ ತಿರುವಿ ಎಬ್ಬಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮೊದಲು ಅಂಗಡಿಗಳ ನಗದು ಯಂತ್ರಕ್ಕೆ ಸಣ್ಣ ಮೋಟಾರು ಜೋಡಿಸಿದವನು. ಗಲ್ಲಾಪೆಟ್ಟಿಗೆ ತೆರೆಯಲು ಮೋಟಾರು ಇಡೀ ದಿನ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಎಂಜಿನ್ ಎಬ್ಬಿಸಲೂ ಅಷ್ಟೇ ಬೇಕಾದದ್ದು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವನ ಸೆಲ್ಫ್ ಸ್ಟಾರ್ಟರ್ ಬಂತು. ನಮ್ಮ ಕಡೆ ಇವತ್ತಿಗೂ 'ಸೆಲ್ಫ್ ಹೊಡಿ' ಎನ್ನುತ್ತೇವಲ್ಲ, ಆ ಸೆಲ್ಫಿನ ಮೂಲ ಇದೇ.

ನಮ್ಮಲ್ಲಿ ಹ್ಯಾಂಡಲ್ಲಿನ ಕಾಲ ಬೇಗ ಮುಗಿಯಲಿಲ್ಲ. ಅಂಬಾಸಡರ್ ಕಾರಿನ ಡಿಕ್ಕಿಯಲ್ಲಿ ಜಾಕಿನ ಪಕ್ಕ ಆ ಬಾಗಿದ ಕಬ್ಬಿಣದ ಸಲಾಕೆ ಇರುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಬ್ಯಾಟರಿ ಸತ್ತರೂ ಕಾರು ಬದುಕುತ್ತಿತ್ತು. ಈಗಿನ ಕಾರಿಗೆ ಆ ಸಲಾಕೆ ತೂರಿಸುವ ತೂತೇ ಇಲ್ಲ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳದಂತೆ ಆಯಿತು. ಹಳೆಯ ಕಾರನ್ನು ನಿಲ್ಲಿಸಿದರೆ ಅದು ನಿಜವಾಗಿ ನಿಲ್ಲುತ್ತಿತ್ತು. ಹೆಚ್ಚೆಂದರೆ ಗಡಿಯಾರವೊಂದು ನಡೆಯುತ್ತಿತ್ತು. ಈಗ ಹಾಗಿಲ್ಲ. ಎಂಜಿನ್ನಿನ ಕಂಪ್ಯೂಟರು ತನ್ನ ನೆನಪನ್ನು ಉಳಿಸಿಕೊಳ್ಳಬೇಕು, ರೇಡಿಯೊ ತನ್ನ ಸ್ಟೇಷನ್ನುಗಳನ್ನು ಮರೆಯಬಾರದು, ಕಳ್ಳರ ಅಲಾರಂ ಎಚ್ಚರವಿರಬೇಕು, ಕೀಲಿಯ ಗುಂಡಿ ಒತ್ತಿದರೆ ಬಾಗಿಲು ಕೇಳಿಸಿಕೊಳ್ಳಬೇಕು. ಇವಕ್ಕೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಹೋದರೆ ಅದು ಸಹಜ. ಆವಿಯಾಗಿ ಹೋಗುವ ಕೆರೆಯ ನೀರಿನಂತೆ ಅದನ್ನು ತಡೆಯಲಾಗದು. ಅದಕ್ಕಿಂತ ಹೆಚ್ಚು ಹೋದರೆ ಎಲ್ಲೋ ಸೋರಿಕೆ ಇದೆ.

*

ನಮ್ಮ ಕಾರಿನ ಸೋರಿಕೆಗೆ ನಾನು ಕೊಟ್ಟ ಮೊದಲ ಕಾರಣ ಬ್ಯಾಟರಿ ಹಳೆಯದು ಎಂಬುದು. ಹೊಸದು ಹಾಕಿಸಿದೆ. ಕೆಲವು ತಿಂಗಳು ಸುಖವಾಗಿತ್ತು, ಮತ್ತೆ ಅದೇ 'ಟಿಕ್'. ಎರಡನೆಯದನ್ನೂ ಹಾಕಿಸಿದೆ. ಹೊಸ ಬ್ಯಾಟರಿಗೆ ತಾಕತ್ತಿರುವುದರಿಂದ ಸೋರಿಕೆಯನ್ನು ಕೆಲವು ಕಾಲ ತಾಳಿಕೊಳ್ಳುತ್ತದೆ ಎಂದು ಆಗ ಹೊಳೆಯಲಿಲ್ಲ. ಸೀಸದ ಬ್ಯಾಟರಿಯನ್ನು ಪದೇ ಪದೇ ಬರಿದು ಮಾಡಿ ಹಾಗೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಕೆರೆಯಲ್ಲಿ ಹೂಳು ತುಂಬಿದಂತೆ. ಮೇಲೆ ನೋಡಿದರೆ ಅದೇ ಕೆರೆ, ಹಿಡಿಯುವ ನೀರು ಮಾತ್ರ ಅರ್ಧ. ಅಂದರೆ ಬ್ಯಾಟರಿ ಕೆಟ್ಟು ಕಾರು ನಿಲ್ಲುತ್ತಿರಲಿಲ್ಲ, ಕಾರೇ ಬ್ಯಾಟರಿಗಳನ್ನು ಕೆಡಿಸುತ್ತಿತ್ತು.

ಎರಡನೆಯ ಕಾರಣ ನನ್ನ ತಮ್ಮನ ಮಗ. ಇಪ್ಪತ್ತರ ಹುಡುಗ, ಕಾರು ಕಂಡರೆ ಪ್ರಾಣ. ನಾನು ಊರಲ್ಲಿಲ್ಲದಾಗ ತಾತನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ಅವನೇ. ಸಂಜೆ ಕಾರಿನೊಳಗೆ ಕೂತು ಹಾಡು ಕೇಳುವ ಚಟ ಅವನಿಗಿತ್ತು. ಆ ಶುಕ್ರವಾರ ಯಂತ್ರ ತಪ್ಪಿ ವಾಪಸ್ಸು ಬಂದ ಮೇಲೆ, ಊದಿದ ಅಪ್ಪನ ಕಾಲು ನೋಡಿ ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿನ್ನ ಹಾಡಿಗೆ ತಾತನ ಜೀವ ಹೋಗ್ತಿತ್ತು" ಎಂದೆ. ಅವನು, "ದೊಡ್ಡಪ್ಪ, ನಾನು ಮಂಗಳವಾರದಿಂದ ಕಾರು ಮುಟ್ಟಿಲ್ಲ" ಎಂದ. ನಾನು ನಂಬಲಿಲ್ಲ. ಅಂದಿನಿಂದ ಅವನು ಕಾರಿನ ಹತ್ತಿರ ಬರಲಿಲ್ಲ. ನಮ್ಮ ಮನೆಗೂ ಬರುವುದು ಕಡಿಮೆಯಾಯಿತು.

ಅರಸೀಕೆರೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ತೋರಿಸಿದೆ. ಅವರು ಎಂಜಿನ್ ಚಾಲೂ ಮಾಡಿಸಿ ಬ್ಯಾಟರಿಯ ಮೇಲೆ ಮೀಟರ್ ಇಟ್ಟರು. 14 ವೋಲ್ಟ್ ತೋರಿಸಿತು. "ಡೈನಮೋ ಚೆನ್ನಾಗಿ ಚಾರ್ಜ್ ಮಾಡ್ತೈತೆ ಸಾರ್, ಯಾರೋ ಲೈಟ್ ಆರಿಸದೆ ಬಿಟ್ಟಿರಬೇಕು" ಎಂದರು. ನನ್ನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಯಿತು. ಇತಿಹಾಸದ ವಿದ್ಯಾರ್ಥಿಗಳಿಗೆ ನಾನು ಎಷ್ಟು ಸಲ ಹೇಳಿದ್ದೇನೋ: ಮೊದಲೇ ತೀರ್ಪು ಕೊಟ್ಟವನ ಕಣ್ಣಿಗೆ ಸಿಕ್ಕಿದ ಕಲ್ಲೆಲ್ಲ ಸಾಕ್ಷಿಯಾಗಿ ಕಾಣುತ್ತದೆ. ಅದನ್ನು ನನಗೆ ನಾನು ಹೇಳಿಕೊಳ್ಳಲಿಲ್ಲ.

*

ಮುಂದಿನ ವಾರ ಒಂದು ಮಲ್ಟಿಮೀಟರ್ ಕೊಂಡೆ. ಇದಕ್ಕೂ ಒಂದು ಪುಟ್ಟ ಚರಿತ್ರೆ ಇದೆ. ವೋಲ್ಟೇಜಿಗೆ ಒಂದು, ಕರೆಂಟಿಗೆ ಒಂದು, ರೋಧಕ್ಕೆ ಒಂದು ಎಂದು ಮೂರು ಮೀಟರು ಹೊತ್ತು ಓಡಾಡಿ ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕೇಡಿ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ. 1923ರಲ್ಲಿ ಅದು ಏವೋಮೀಟರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆಂಪಿಯರ್, ವೋಲ್ಟ್, ಓಮ್ ಎಂಬ ಮೂರು ಮಾತಿನ ಮೊದಲಕ್ಷರ ಸೇರಿದರೆ ಏವೋ. ನನ್ನ ಕೈಯಲ್ಲಿದ್ದ ಹಳದಿ ಡಬ್ಬಿ ಅದರ ಮೊಮ್ಮಗ.

ಸೋರಿಕೆ ಅಳೆಯುವ ಕ್ರಮ ಹೀಗೆ. ಕಾರು ನಿಲ್ಲಿಸಿ, ಕೀಲಿ ತೆಗೆದು, ಎಲ್ಲ ಬಾಗಿಲು ಹಾಕಬೇಕು. ಬಾನೆಟ್ಟು ಮಾತ್ರ ತೆರೆದಿರಲಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು. ಮೀಟರನ್ನು ಕರೆಂಟು ಅಳೆಯುವ 10 ಆಂಪಿಯರಿನ ಜಾಗಕ್ಕೆ ಇಟ್ಟು, ಒಂದು ಕಡ್ಡಿಯನ್ನು ಬಿಚ್ಚಿದ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಹಿಡಿಯಬೇಕು. ಆಗ ಕಾರಿಗೆ ಹೋಗುವ ಪ್ರತಿ ತೊಟ್ಟು ಕರೆಂಟೂ ಮೀಟರಿನ ಮೂಲಕವೇ ಹೋಗಬೇಕು. ಅರ್ಧ ಗಂಟೆ ಕಾಯಬೇಕು, ಏಕೆಂದರೆ ತಂತಿ ಕೂಡಿಸಿದ ಕೂಡಲೇ ಕಂಪ್ಯೂಟರುಗಳೆಲ್ಲ ಎಚ್ಚರಾಗಿ, ನಿಧಾನವಾಗಿ ಮತ್ತೆ ನಿದ್ದೆಗೆ ಜಾರುತ್ತವೆ. ಮೀಟರ್ ಜೋಡಿಸಿರುವಾಗ ಕೀಲಿ ಮಾತ್ರ ತಿರುಗಿಸಬಾರದು. ಸೆಲ್ಫ್ ಮೋಟಾರು ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮೊದಲ ದಿನ ನಾನು ಮರೆತು ತಿರುಗಿಸಿ ಮೀಟರಿನೊಳಗಿನ ಫ್ಯೂಸನ್ನು ಸುಟ್ಟುಕೊಂಡೆ. ಇನ್ನೊಂದು ಫ್ಯೂಸು ತರಲು ಅರಸೀಕೆರೆಗೆ ಬಸ್ಸಿನಲ್ಲಿ ಹೋದೆ.

ಎರಡನೆಯ ದಿನ ಮೀಟರ್ 0.43 ಆಂಪಿಯರ್ ತೋರಿಸಿತು. ಸಹಜಕ್ಕಿಂತ ಹತ್ತು ಪಟ್ಟು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಬ್ಯಾಟರಿ 35 ಆಂಪಿಯರ್-ಗಂಟೆಯದು. ಮಂಗಳವಾರ ಸಂಜೆ ಆರಕ್ಕೆ ಆಸ್ಪತ್ರೆಯಿಂದ ಬಂದು ನಿಲ್ಲಿಸಿದ ಕಾರನ್ನು ಶುಕ್ರವಾರ ಬೆಳಗಿನ ಐದಕ್ಕೆ ಎಬ್ಬಿಸಬೇಕು. ನಡುವೆ 59 ಗಂಟೆ. 59ನ್ನು 0.43ರಿಂದ ಗುಣಿಸಿದರೆ ಸುಮಾರು 25. ಹತ್ತು ಉಳಿಯುತ್ತದೆ, ಅದೂ ಬ್ಯಾಟರಿ ಹೊಸದಾಗಿದ್ದು ಪೂರ್ತಿ ತುಂಬಿದ್ದರೆ. ಚಳಿಯಲ್ಲಿ ಬೆಳಗಿನ ಜಾವ ಅದು ಎಂಜಿನ್ ತಿರುಗಿಸಲು ಸಾಲದು. ದಿನಾ ಓಡಿಸಿದ ವಾರಗಳಲ್ಲಿ ತೊಂದರೆ ಕಾಣದೆ, ಎರಡು ದಿನ ಬಿಟ್ಟು ತೆಗೆದಾಗ ಮಾತ್ರ ಏಕೆ ಸಾಯುತ್ತಿತ್ತು ಎಂದು ಈ ಗುಣಾಕಾರ ಹೇಳಿತು. ಹುಡುಗ ಹಾಡು ಕೇಳದಿದ್ದರೂ ಆ ಶುಕ್ರವಾರ ಕಾರು ಏಳುತ್ತಿರಲಿಲ್ಲ.

ಆಮೇಲೆ ಫ್ಯೂಸುಗಳ ಪೆಟ್ಟಿಗೆ. ಒಂದು ಫ್ಯೂಸು ಕೀಳುವುದು, ಮೀಟರ್ ನೋಡುವುದು, ಮತ್ತೆ ಹಾಕುವುದು. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಆ ದಾರಿಯಲ್ಲಿ ಕಳ್ಳನಿದ್ದಾನೆ. ವೋಲ್ಟಾ ಕಪ್ಪೆ ತೆಗೆದದ್ದೂ ಇದೇ ಉಪಾಯ. ಹಾಡಿನ ಸೆಟ್ಟಿನ ಫ್ಯೂಸು ಕಿತ್ತೆ. 0.43 ಇದ್ದದ್ದು 0.42 ಆಯಿತು. ಅಷ್ಟೇ. ಅಲ್ಲಿಗೆ ಹುಡುಗ ನಿರಪರಾಧಿ ಎಂದು ಎರಡನೆಯ ಸಲ ತೀರ್ಮಾನವಾಯಿತು. ಒಳದೀಪ, ಡಿಕ್ಕಿಯ ದೀಪ, ಹಾರ್ನು, ವೈಪರು, ಬಾಗಿಲ ಲಾಕು, ಎಲ್ಲದರ ಫ್ಯೂಸು ಕಿತ್ತಿದ್ದಾಯಿತು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕಿತ್ತು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೀಟರ್ ಇನ್ನೂ 0.41 ತೋರಿಸುತ್ತಿತ್ತು.

ನನಗೆ ದಿಕ್ಕು ತೋಚಲಿಲ್ಲ. ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತ ಅಪ್ಪ ಇದನ್ನೆಲ್ಲ ನೋಡುತ್ತಿದ್ದರು.

"ಏನ್ ಮಾಡ್ತಿದ್ದೀಯಪ್ಪ?" ಎಂದರು.

"ಕರೆಂಟು ಎಲ್ಲಿ ಸೋರ್ತಿದೆ ಅಂತ ನೋಡ್ತಿದ್ದೀನಿ. ಇವು ಒಂದೊಂದೂ ಒಂದೊಂದು ತೂಬು ಇದ್ದ ಹಾಗೆ. ಎಲ್ಲ ಮುಚ್ಚಿದೆ. ಆದರೂ ನೀರು ಇಳೀತಿದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತೂಬೆಲ್ಲ ಮುಚ್ಚಿದ್ ಮೇಲೂ ಇಳೀತೈತೆ ಅಂದ್ರೆ ತೂಬಿನ್ ತಪ್ಪಲ್ಲ ಕಣಪ್ಪ. ಏರೀಲಿ ಏಡಿ ಬಿಲ ಮಾಡಿರ್ತದೆ. ನೀರು ತೂಬಿಗೆ ಬರಾಕೆ ಮುಂಚೇನೇ ಹೋಯ್ತಿರ್ತದೆ. ಏರಿ ಹಿಂದ್ಗಡೆ ಹೋಗಿ ಮುಟ್ಟಿ ನೋಡ್ಬೇಕು, ಎಲ್ಲಿ ತಣ್ಣಗೈತೆ ಅಂತ" ಎಂದರು.

ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಅಲ್ಲಿ ದೊಡ್ಡ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಸಂಸ್ಕೃತದಲ್ಲಿ ಬರೆಸಿದ. ದೋಷಗಳ ಪಟ್ಟಿಯಲ್ಲಿ ಮೊದಲು ಬರುವುದೇ ಏರಿಯ ಮೂಲಕ ನೀರು ಜಿನುಗುವುದು. ಈ ಶಾಸನವನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಅದು ನನಗೆ ನೆನಪಾದದ್ದು, ಶಾಸನ ಓದದ ಅಪ್ಪ ಜಗುಲಿಯಿಂದ ಅದನ್ನೇ ಹೇಳಿದ ಮೇಲೆ.

*

ಕಾರಿನ ಏರಿ ಯಾವುದು? ಫ್ಯೂಸಿನ ಪೆಟ್ಟಿಗೆಗೆ ಬರುವ ಮುಂಚೆಯೇ ಬ್ಯಾಟರಿಯಿಂದ ಕವಲೊಡೆಯುವ ದಪ್ಪ ತಂತಿಗಳು ನಮ್ಮ ಕಾರಿನಲ್ಲಿ ಎರಡು. ಒಂದು ಸೆಲ್ಫ್ ಮೋಟಾರಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಗ್ಯಾರೇಜುಗಳಲ್ಲಿ ಇವತ್ತಿಗೂ ಡೈನಮೋ ಎಂದೇ ಕರೆಸಿಕೊಳ್ಳುವ ಯಂತ್ರ ಅದು. ಈ ಹೆಸರಿನ ಹಿಂದೆಯೂ ಕಥೆ ಇದೆ.

ಹಳೆಯ ಕಾರುಗಳಲ್ಲಿ ನಿಜವಾದ ಡೈನಮೋವೇ ಇತ್ತು. ಡೈನಮೋ ತಿರುಗಿದರೆ ಕರೆಂಟು ಕೊಡುತ್ತದೆ, ಕರೆಂಟು ಕೊಟ್ಟರೆ ತಾನೇ ತಿರುಗಲು ಹೊರಡುತ್ತದೆ. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಡೈನಮೋಕ್ಕೆ ಹರಿದುಹೋಗದಂತೆ ತಡೆಯಲು ಕಟ್‌ಔಟ್ ಎಂಬ ಸಣ್ಣ ಬಾಗಿಲು ಇರುತ್ತಿತ್ತು. ಅದರ ಕಾಂಟಾಕ್ಟು ಸುಟ್ಟು ಅಂಟಿಕೊಂಡರೆ ರಾತ್ರಿಯೊಳಗೆ ಬ್ಯಾಟರಿ ಖಾಲಿ. ಹಳೆಯ ಮೆಕ್ಯಾನಿಕ್ಕುಗಳು ಮೊದಲು ಕೈ ಹಾಕುತ್ತಿದ್ದುದು ಅಲ್ಲಿಗೇ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಡೈನಮೋ ಬದಲು ಆಲ್ಟರ್ನೇಟರ್ ಹಾಕಿತು. ಅದು ಹುಟ್ಟಿಸುವುದು ದಿಕ್ಕು ಬದಲಿಸುವ ಕರೆಂಟು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನದು. ಅದಕ್ಕಾಗಿ ಒಳಗೆ ಸಿಲಿಕಾನಿನ ಡಯೋಡುಗಳನ್ನು, ಸಾಮಾನ್ಯವಾಗಿ ಆರು, ಕೂರಿಸುತ್ತಾರೆ. ಡಯೋಡು ಎಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಕಟ್‌ಔಟಿನ ಕೆಲಸವನ್ನೂ ಅವೇ ಮಾಡುತ್ತವೆ. ಕದಲುವ ಭಾಗವಿಲ್ಲ, ಸವೆತವಿಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಬಿಸಿಯಲ್ಲಿ ಬೆಂದು ಬೆಂದು ಒಂದು ಡಯೋಡು ಅರೆಬರೆ ಕೆಟ್ಟರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಓಡುವಾಗ ಆಲ್ಟರ್ನೇಟರು ಎಂದಿನಂತೆ ಚಾರ್ಜು ಮಾಡುತ್ತದೆ, 14 ವೋಲ್ಟೂ ತೋರಿಸುತ್ತದೆ. ನಿಂತಾಗ ಅದೇ ದಾರಿಯಲ್ಲಿ ಹಿಂದಕ್ಕೆ ಕುಡಿಯುತ್ತದೆ. ಎಲೆಕ್ಟ್ರಿಷಿಯನ್ ನೋಡಿದ್ದು ಕೆರೆಗೆ ನೀರು ಬರುತ್ತಿದೆಯೇ ಎಂದು. ಬರುತ್ತಿತ್ತು. ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತಿದೆಯೇ ಎಂದು ಇಬ್ಬರೂ ಕೇಳಲಿಲ್ಲ.

ಅಪ್ಪ ಹೇಳಿದಂತೆ ಮುಟ್ಟಿ ನೋಡಿದೆ. ತಂತಿಗಳನ್ನೆಲ್ಲ ಮೊದಲಿನಂತೆ ಕೂಡಿಸಿ ರಾತ್ರಿ ಕಾರನ್ನು ಹಾಗೇ ಬಿಟ್ಟು, ಬೆಳಗಿನ ಜಾವ ಬಾನೆಟ್ಟು ಎತ್ತಿದೆ. ಎಂಜಿನ್ ಮಂಜಿನಲ್ಲಿ ಕಲ್ಲಿನಂತೆ ತಣ್ಣಗಿತ್ತು. ಆಲ್ಟರ್ನೇಟರಿನ ಬೆನ್ನ ಮೇಲೆ ಅಂಗೈ ಇಟ್ಟೆ. ಉಗುರು ಬೆಚ್ಚಗಿತ್ತು. 0.41 ಆಂಪಿಯರ್, 12 ವೋಲ್ಟ್. ಗುಣಿಸಿದರೆ ಸುಮಾರು ಐದು ವ್ಯಾಟ್. ಒಂದು ಪಾರ್ಕಿಂಗ್ ಬಲ್ಬು ತಿನ್ನುವಷ್ಟು. ಬೆಳಕಿಲ್ಲದ ಒಂದು ಬಲ್ಬು ಎರಡು ವರ್ಷ ಹಗಲೂ ರಾತ್ರಿ ಅಲ್ಲಿ ಉರಿಯುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚಿ, ಅದರ ತುದಿಗೆ ಟೇಪು ಸುತ್ತಿದೆ. ಈ ಕ್ರಮ ತಪ್ಪಿಸಬಾರದು. ಆ ತಂತಿಯಲ್ಲಿ ಯಾವಾಗಲೂ ಬ್ಯಾಟರಿಯ ಕರೆಂಟು ಇರುತ್ತದೆ, ಸ್ಪ್ಯಾನರು ಬಾಡಿಗೆ ತಾಗಿದರೆ ಬೆಂಕಿ. ಮತ್ತೆ ಮೀಟರ್ ಜೋಡಿಸಿ ಅರ್ಧ ಗಂಟೆ ಕಾದೆ. 0.02 ಆಂಪಿಯರ್.

ಜಗುಲಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ನಕ್ಕು, "ನಂದು ಕೋಡಿ ಕಟ್ಕಂಡೈತೆ, ಅದ್ರುದ್ದು ಏರಿ ಸೋರ್ತೈತೆ. ಇಬ್ರೂ ಒಂದೇ ಆಸ್ಪತ್ರೆಗೆ ಓಡಾಡ್ತಿದ್ವಿ" ಎಂದರು.

*

ಅರಸೀಕೆರೆಯಲ್ಲಿ ಡಯೋಡಿನ ಪ್ಲೇಟು ಬದಲಾಯಿಸಿದರು. ಅದೇ ಎಲೆಕ್ಟ್ರಿಷಿಯನ್ನೇ. ನನ್ನ ಅಂಕಿಗಳನ್ನು ತೋರಿಸಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡು ಸಲ ಓದಿ, "ನಿಲ್ಸಿದಾಗ ನೋಡ್ಬೇಕಿತ್ತು ಸಾರ್" ಎಂದರು. ಆ ಮಾತು ನನಗೂ ಅನ್ವಯವಾಗುತ್ತಿತ್ತು.

ತಮ್ಮನ ಮನೆಗೆ ಅಂದು ಸಂಜೆಯೇ ಹೋದೆ. ಹುಡುಗ ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ನೋಟ್‌ಬುಕ್ಕು ತೆಗೆದು, ಹಾಡಿನ ಸೆಟ್ಟಿನ ಫ್ಯೂಸಿನ ಮುಂದೆ ಬರೆದಿದ್ದ ಅಂಕಿ ತೋರಿಸಿದೆ. ನಾನು ಹೇಳಿದ್ದು ತಪ್ಪು, ನೀನು ಮುಟ್ಟಿಲ್ಲ ಎಂದದ್ದು ನಿಜ ಎಂದೆ. "ಬಿಡಿ ದೊಡ್ಡಪ್ಪ" ಎಂದ. ಅವನ ಮುಖದಲ್ಲಿ ಬಿಟ್ಟ ಲಕ್ಷಣವಿರಲಿಲ್ಲ. ಎರಡು ವಾರ ಬರಲಿಲ್ಲ. ಮೂರನೆಯ ಶುಕ್ರವಾರ ಬೆಳಗಿನ ಐದಕ್ಕೆ ಕಂಬಳಿ ಮಡಚಿ ಅಪ್ಪನನ್ನು ಎಬ್ಬಿಸುವಾಗ ಗೇಟಿನ ಸದ್ದಾಯಿತು. ಮಫ್ಲರು ಸುತ್ತಿಕೊಂಡು ನಿಂತಿದ್ದ. "ನಾನೇ ಓಡಿಸ್ತೀನಿ, ನೀವು ತಾತನ ಜೊತೆ ಹಿಂದೆ ಕೂತ್ಕೊಳಿ" ಎಂದ.

ಕೀಲಿ ತಿರುಗಿಸುವ ಮುಂಚೆ ಅವನು ಬಾನೆಟ್ಟು ಎತ್ತಿ, ನನ್ನ ಹಳದಿ ಮೀಟರನ್ನು ಬ್ಯಾಟರಿಯ ಮೇಲೆ ಹಿಡಿದ. 12.5. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಅದನ್ನು ಬರೆದ. ಈಗ ಪ್ರತಿ ಮಂಗಳವಾರ, ಶುಕ್ರವಾರ ಅದು ಅವನ ಕೆಲಸ. 12.6 ಇದ್ದರೆ ಕೆರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕೆ ಬಂದರೆ ತಳ ಕಾಣುತ್ತಿದೆ ಎಂದು ಅಪ್ಪನಿಗೂ ಹೇಳಿಕೊಟ್ಟಿದ್ದಾನೆ. ಹಿಂದಿನ ಸೀಟಿನಿಂದ ಅವರು ದಿನವೂ ಕೇಳುತ್ತಾರೆ, "ಇವತ್ತು ಎಷ್ಟೈತಪ್ಪ ನೀರು?"